ಪಾಠ ಬರುವ ದಾರಿ



2016ನೆಯ ಇಸವಿಯ ಬೇಸಿಗೆಯಲ್ಲಿ ನೀವು ತೀರ ಚಿಕ್ಕವರು. ನಿಮ್ಮ ತಾಯಂದಿರನ್ನು ಕೇಳಿರಿ, ಅವರು ಅದನ್ನು ಮರೆತಿರಲಿಕ್ಕಿಲ್ಲ. ಆ ಏಪ್ರಿಲ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಮುಖ್ಯ ಪಟ್ಟಣವಾದ ಲಾತೂರಿಗೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಮೀರಜದಿಂದ ರೇಲ್ವೆ ಗಾಡಿಯಲ್ಲಿ ಕುಡಿಯುವ ನೀರು ಬಂದಿತು. ಮೊದಲ ಗಾಡಿಗೆ 10 ಡಬ್ಬಿಗಳು, ಸುಮಾರು 5 ಲಕ್ಷ ಲೀಟರು ನೀರು. ಮುಂದೆ ಬಂದದ್ದು 50 ಡಬ್ಬಿಗಳ ಗಾಡಿ, ಸುಮಾರು 25 ಲಕ್ಷ ಲೀಟರು. ದೇಶದ ವೃತ್ತಪತ್ರಿಕೆಗಳೆಲ್ಲ ಆ ಗಾಡಿಯ ಚಿತ್ರವನ್ನು ಅಚ್ಚು ಹಾಕಿದವು. ಆದರೆ ಗಾಡಿ ನಿಲ್ದಾಣಕ್ಕೆ ಬಂದ ಮಾತ್ರಕ್ಕೆ ಯಾರ ಮನೆಯ ಕೊಡವೂ ತುಂಬಲಿಲ್ಲ. ನೀರನ್ನು ಡಬ್ಬಿಯಿಂದ ಬಾವಿಗೆ ಇಳಿಸಬೇಕು, ಅಲ್ಲಿಂದ ಶುದ್ಧೀಕರಣ ಕೇಂದ್ರಕ್ಕೆ ಏರಿಸಬೇಕು, ಅಲ್ಲಿಂದ ಟ್ಯಾಂಕರಿಗೆ, ಟ್ಯಾಂಕರಿನಿಂದ ಓಣಿಗೆ, ಓಣಿಯಲ್ಲಿ ಸರದಿಗೆ. ಮೀರಜದಿಂದ ಲಾತೂರಿನವರೆಗಿನ ದಾರಿಯನ್ನು ಇಂಜಿನ್ನು ನೋಡಿಕೊಂಡಿತು. ನಿಲ್ದಾಣದಿಂದ ಕೊಡದವರೆಗಿನ ದಾರಿಯನ್ನು ನೋಡಿಕೊಂಡವರು ಹೆಸರಿಲ್ಲದ ನೂರಾರು ಜನ.

ದೂರಶಿಕ್ಷಣದ ಮಾತು ಬಂದಾಗಲೆಲ್ಲ ನಮಗೆ ಆ ಗಾಡಿಯ ನೆನಪಾಗುತ್ತದೆ. ದೂರದ ಪಟ್ಟಣದಲ್ಲಿ ಸಿದ್ಧವಾದ ಪಾಠವೊಂದು ಶಿರೂರ ಅನಂತಪಾಳದ ಹುಡುಗಿಯೊಬ್ಬಳ ಅಂಗೈಗೆ ಬರುವವರೆಗೆ ಎಷ್ಟು ಯಂತ್ರಗಳನ್ನು ದಾಟಬೇಕು, ಎಷ್ಟು ಕೈಗಳನ್ನು ದಾಟಬೇಕು, ಅವುಗಳನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಇದು ಪರೀಕ್ಷೆಗೆ ಬರುವ ವಿಷಯವಲ್ಲ. ಆದರೂ ನಿಮ್ಮ ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾಗಿರುವ ಆ ಕಪ್ಪು ಬಿಳಿಯ ಚೌಕವು ನಿಮ್ಮನ್ನು ಎಲ್ಲಿಗೆ ಒಯ್ಯುತ್ತದೆಂಬುದು ನಿಮಗೆ ಗೊತ್ತಿರಬೇಡವೇ?

ಮೊದಲು ಸ್ವಲ್ಪ ಹಿಂದಿನ ಕಥೆ. ನಮ್ಮ ಸೋದರಮಾವನವರು 1975ರಲ್ಲಿ ಗುಲಬರ್ಗಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಆ ವರ್ಷದ ಆಗಸ್ಟ್ 1ರಿಂದ ಮರುವರ್ಷದ ಜುಲೈ 31ರ ವರೆಗೆ, ಸರಿಯಾಗಿ ಒಂದು ವರ್ಷ, ಅಮೇರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ನಮ್ಮ ದೇಶವು ಎರವಲು ಪಡೆದು ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳಿಸಿತು. 'ಸೈಟ್' ಎಂದು ಅದರ ಚಿಕ್ಕ ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿ ಸೇರಿದ್ದವು. ಕರ್ನಾಟಕದಿಂದ ಆಯ್ಕೆಯಾದವು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಅಂದರೆ ನಮ್ಮ ನೆರೆಯವೇ. ನಮ್ಮ ನಿಲಂಗಾ, ಉದಗೀರ ತಾಲೂಕುಗಳು 1956ರ ವರೆಗೆ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವೆಂಬುದು ನಿಮಗೆ ತಿಳಿದೇ ಇದೆ. ಗಡಿಯ ಗೆರೆ ಈಚೆಗೆ ಬಿದ್ದುದರಿಂದ ಆ ಪಾಠಗಳ ಹಳ್ಳಿಗಳು ಆಚೆಯ ರಾಜ್ಯದಲ್ಲಿ ಉಳಿದವು, ಅಷ್ಟೆ.

ಬೆಳಿಗ್ಗೆ ಮಕ್ಕಳಿಗಾಗಿ ಒಂದೂವರೆ ತಾಸು. ಅದನ್ನು ನಾಲ್ಕು ಭಾಷೆಗಳಿಗೆ ಹಂಚಿದ್ದರು, ಕನ್ನಡದ ಪಾಲಿಗೆ ಇಪ್ಪತ್ತೆರಡೂವರೆ ನಿಮಿಷ. ಹೈದರಾಬಾದಿನ ಇ.ಸಿ.ಐ.ಎಲ್. ಕಾರಖಾನೆ ತಯಾರಿಸಿದ ಪೆಟ್ಟಿಗೆಯೂ, ಕೋಳಿಗೂಡಿಗೆ ಹಾಕುವಂಥ ತಂತಿಯ ಬಲೆಯಿಂದ ಮಾಡಿದ ಮೂರು ಮೀಟರು ಅಗಲದ ಆಂಟೆನಾವೂ ಶಾಲೆಗೆ ಬಂದವು. ಚಿತ್ರ ಒಂದೇ ಇದ್ದರೂ ಅದರ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಲ್ಲ ಅನುಕೂಲವು ಆ ವ್ಯವಸ್ಥೆಯಲ್ಲಿತ್ತು. ನಮ್ಮಂಥ ಎರಡು ಭಾಷೆಗಳ ಸೀಮೆಯವರಿಗೆ ಇದಕ್ಕಿಂತ ಚೆಂದದ ಯಂತ್ರವನ್ನು ಯಾರು ಕಲ್ಪಿಸಿಕೊಂಡಾರು!

ಆದರೆ ಮಾವನವರು ಹೇಳುತ್ತಿದ್ದುದು ಉಪಗ್ರಹದ ಮಾತನ್ನಲ್ಲ. ಅವರು ಹೇಳುತ್ತಿದ್ದುದು ಕೀಲಿಕೈಯ ಮಾತನ್ನು. ಪೆಟ್ಟಿಗೆಯನ್ನು ನೋಡಿಕೊಳ್ಳುವವನೆಂದು ಊರಿನ ಒಬ್ಬನನ್ನು ನೇಮಿಸಿದ್ದರು. ಕೀಲಿಕೈ ಅವನ ಉಡಿದಾರದಲ್ಲಿ. ಗಾಳಿಗೆ ಆಂಟೆನಾ ವಾಲಿದರೆ, ಚಿತ್ರ ಅಳಿಸಿಹೋದರೆ, ಯಾರಿಗೆ ತಿಳಿಸಬೇಕೆಂಬುದು ಅವನಿಗೆ ಗೊತ್ತಿತ್ತು. ತಿಳಿಸಿದರೆ ಜೀಪು ಬರುತ್ತಿತ್ತು. "ಆಕಾಶದಾಗಿಂದು ಒಂದ ದಿನಾನೂ ಕೆಡಲಿಲ್ಲಪಾ, ಕೆಟ್ಟಿದ್ದೆಲ್ಲಾ ಗ್ವಾಡಿ ಮ್ಯಾಗಿನ ಸ್ವಿಚ್ಚು" ಎಂದು ನಗುತ್ತಿದ್ದರು. ವರ್ಷ ತುಂಬಿದ ಮೇಲೆ ಉಪಗ್ರಹವು ಬೇರೆ ಕೆಲಸಕ್ಕೆ ಹೋಯಿತು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವಾಗಿ ಕೆಲವು ಊರುಗಳ ಪೆಟ್ಟಿಗೆಗಳು ಮತ್ತೆ ಮಾತಾಡಿದವು.

ಆಮೇಲೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ನಮ್ಮವರು ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿದರು. ಕರ್ನಾಟಕದ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. 2010ರಲ್ಲಿ ಅದರ ಆಯುಷ್ಯ ಮುಗಿಯಿತು. ಉಪಗ್ರಹಕ್ಕೆ ಆಯುಷ್ಯವಿದೆಯೆಂಬುದನ್ನು ಅದನ್ನು ಹಾರಿಸುವ ದಿನವೇ ಲೆಕ್ಕ ಹಾಕಿರುತ್ತಾರೆ. ಶಾಲೆಯ ಮಾಳಿಗೆಯ ಮೇಲಿನ ಆಂಟೆನಾಕ್ಕೂ ಬ್ಯಾಟರಿಗೂ ಆಯುಷ್ಯವಿದೆಯೆಂಬುದನ್ನು ಎಲ್ಲರೂ ಲೆಕ್ಕ ಹಾಕುವುದಿಲ್ಲ.

ಈಗ ಇಂದಿನ ವಿಷಯಕ್ಕೆ ಬರೋಣ. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಕೇಂದ್ರ ಸರಕಾರವು 'ದೀಕ್ಷಾ' ಎಂಬ ಸೇವೆಯನ್ನು ಆರಂಭಿಸಿತು. ಹೆಸರು ಕೇಳಿ ಇದು ಮಠದ ಮಾತೆಂದು ತಿಳಿಯಬೇಡಿರಿ. ಇಂಗ್ಲಿಷಿನ ಉದ್ದನೆಯ ಹೆಸರೊಂದರ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ್ದು. ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಇದನ್ನು ನಡೆಸುತ್ತದೆ, ಪಾಠಗಳನ್ನು ಆಯಾ ರಾಜ್ಯಗಳು ಸೇರಿಸುತ್ತವೆ. ಇದರ ತಳಹದಿಯಾದ 'ಸನ್‌ಬರ್ಡ್' ಎಂಬ ತಂತ್ರಾಂಶವು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ ಸಿದ್ಧವಾಯಿತು. ಅದು ಮುಕ್ತ ತಂತ್ರಾಂಶ. ಅಂದರೆ ಅದರ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬಳಸಬಹುದು.

ಪುಸ್ತಕದ ಚೌಕಕ್ಕೆ ಮೊಬೈಲಿನ ಕ್ಯಾಮೆರಾ ಹಿಡಿದಿರೆಂದು ತಿಳಿಯಿರಿ. ಆ ಚೌಕದಲ್ಲಿ ಪಾಠವಿಲ್ಲ, ಪಾಠದ ವಿಳಾಸ ಮಾತ್ರ ಇದೆ. ಅದರ ಹತ್ತಿರ ಅಚ್ಚಾಗಿರುವ ಆರು ಅಕ್ಷರ-ಅಂಕೆಗಳೂ ಅದೇ ವಿಳಾಸ. ಚೌಕ ಹರಿದಿದ್ದರೆ, ಕ್ಯಾಮೆರಾ ಒಡೆದಿದ್ದರೆ, ಆ ಆರನ್ನು ಬೆರಳಿನಿಂದ ಒತ್ತಿದರೂ ಸಾಕು. ವಿಳಾಸವು ಗೋಪುರಕ್ಕೆ ಹೋಗಿ, ಗೋಪುರದಿಂದ ನೆಲದೊಳಗಿನ ಗಾಜಿನ ಎಳೆಯನ್ನು ಹಿಡಿದು, ಸರ್ವರ್ ಎಂಬ ಗಣಕಯಂತ್ರಗಳಿರುವ ಕಟ್ಟಡಕ್ಕೆ ಹೋಗುತ್ತದೆ. ಇದನ್ನೇ 'ಕ್ಲೌಡ್', ಅಂದರೆ ಮೋಡ, ಎನ್ನುತ್ತಾರೆ. ಹೆಸರಿಟ್ಟವರು ಯಾರೋ ಕವಿಗಳಿರಬೇಕು. ಆ ಮೋಡಕ್ಕೆ ಗೋಡೆಗಳಿವೆ, ಕಾವಲುಗಾರರಿದ್ದಾರೆ, ತಂಪು ಮಾಡುವ ಯಂತ್ರಗಳಿವೆ, ಕರೆಂಟು ಹೋದರೆ ಹೊತ್ತಿಕೊಳ್ಳುವ ಡೀಸೆಲ್ ಜನರೇಟರುಗಳಿವೆ.

ಅಲ್ಲಿ ಒಂದು ಯಂತ್ರವಿದ್ದರೆ ಸಾಲದು. ಮಹಾಶಿವರಾತ್ರಿಗೆ ಲಾತೂರಿನ ಸಿದ್ಧೇಶ್ವರ ಜಾತ್ರೆ ನಡೆಯುವಾಗ ಬಸ್‌ಸ್ಟ್ಯಾಂಡಿನ ನಿಯಂತ್ರಕರು ಏನು ಮಾಡುತ್ತಾರೆ? ಜನ ಹೆಚ್ಚಾದ ಕಡೆಗೆ ನಮ್ಮವರು 'ಜಾದಾ ಗಾಡಿ' ಎನ್ನುವ ಹೆಚ್ಚಿನ ಬಸ್ಸನ್ನು ಬಿಡುತ್ತಾರೆ, ಒಂದು ಬಸ್ಸು ತುಂಬಿದೊಡನೆ ಉಳಿದವರನ್ನು ಇನ್ನೊಂದಕ್ಕೆ ಕಳಿಸುತ್ತಾರೆ. ಸರ್ವರುಗಳ ಮುಂದೆಯೂ ಅಂಥದೇ ಒಬ್ಬ ನಿಯಂತ್ರಕನು ತಂತ್ರಾಂಶದ ರೂಪದಲ್ಲಿ ಕುಳಿತಿರುತ್ತಾನೆ. ಬಂದ ಕೋರಿಕೆಗಳನ್ನು ಬಿಡುವಾಗಿರುವ ಯಂತ್ರಗಳಿಗೆ ಹಂಚುವುದು ಅವನ ಕೆಲಸ. ಹೊರೆ ಹೆಚ್ಚಿದರೆ ಹೊಸ ಯಂತ್ರಗಳನ್ನು ಎಬ್ಬಿಸುವುದೂ, ರಾತ್ರಿ ಹೊರೆ ಇಳಿದರೆ ಮಲಗಿಸುವುದೂ ತಾನಾಗಿ ನಡೆಯುತ್ತದೆ. ಹೀಗೆ ಮಲಗಿಸುವುದು ಮುಖ್ಯ. ಖಾಲಿ ಓಡುವ ಬಸ್ಸಿಗೂ ಡೀಸೆಲ್ ಖರ್ಚಾಗುತ್ತದೆ, ಖಾಲಿ ಕುಳಿತ ಸರ್ವರಿಗೂ ಬಾಡಿಗೆ ತಪ್ಪುವುದಿಲ್ಲ. ಹತ್ತನೆಯ ಇಯತ್ತೆಯ ಫಲಿತಾಂಶದ ದಿನ ಮಧ್ಯಾಹ್ನ ಮೊಬೈಲಿನ ಮೇಲೆ ಚಕ್ರ ತಿರುಗುತ್ತಲೇ ಉಳಿದುದನ್ನು ನಿಮ್ಮ ಅಕ್ಕಂದಿರು, ಅಣ್ಣಂದಿರು ಕಂಡಿರಬಹುದು. ಜಾತ್ರೆಯ ದಿನ ಗೊತ್ತಿದ್ದೂ ಜಾದಾ ಗಾಡಿ ಬಿಡದಿದ್ದರೆ ಆಗುವುದು ಅದೇ.

ಇನ್ನೊಂದು ಉಪಾಯವಿದೆ. ನಿಮ್ಮ ಪುಸ್ತಕಗಳನ್ನು ಅಚ್ಚು ಹಾಕಿಸುವ ಬಾಲಭಾರತಿಯ ಮುಖ್ಯ ಕಚೇರಿ ಪುಣೆಯಲ್ಲಿದೆ. ಆದರೆ ಪ್ರತಿಯೊಂದು ಪುಸ್ತಕಕ್ಕೂ ನಾವು ಪುಣೆಗೆ ಹೋಗುವುದಿಲ್ಲ, ಲಾತೂರಿನಲ್ಲಿ ಅದರ ಭಾಂಡಾರವಿದೆ. ಹಾಗೆಯೇ ಹೆಚ್ಚು ಮಂದಿ ನೋಡುವ ವೀಡಿಯೊಗಳ ಪ್ರತಿಗಳನ್ನು ದೊಡ್ಡ ಪಟ್ಟಣಗಳಲ್ಲಿ ಇರಿಸಿರುತ್ತಾರೆ. ಕೇಳಿದವನಿಗೆ ಹತ್ತಿರದ ಭಾಂಡಾರದಿಂದ ಪಾಠ ಬರುತ್ತದೆ, ಮೂಲ ಯಂತ್ರಕ್ಕೆ ಹೊರೆಯಾಗುವುದಿಲ್ಲ.

ಪ್ರತಿಗಳ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಎಲ್ಲವನ್ನೂ ಒಂದೇ ಕಟ್ಟಡದಲ್ಲಿ ಇಡಬಾರದೆಂದು ಈ ಸೀಮೆಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಮೂರು ಗಂಟೆ ಐವತ್ತಾರು ನಿಮಿಷಕ್ಕೆ, ಕಿಲ್ಲಾರಿಯ ಭೂಕಂಪವಾದಾಗ ಮನೆಯೊಡನೆ ಮನೆಯ ಕಾಗದಪತ್ರಗಳೂ ಮಣ್ಣಾದವು. ಜೀವಗಳೇ ಹೋದಲ್ಲಿ ಕಾಗದದ ಮಾತೇಕೆ ಎನ್ನಬಹುದು. ಆದರೆ ಉಳಿದವರಿಗೆ ತಾವು ಉಳಿದವರೆಂದು ತೋರಿಸಲಿಕ್ಕೂ ಕಾಗದ ಬೇಕಾಯಿತು. ಆದುದರಿಂದ ಸರ್ವರಿನ ದಾಖಲೆಗಳ ಪ್ರತಿಯನ್ನು ಬೇರೊಂದು ಊರಿನಲ್ಲಿ, ಬೇರೊಂದು ವಿದ್ಯುತ್ ಮಾರ್ಗದ ಮೇಲೆ ಇರಿಸುತ್ತಾರೆ. ಇರಿಸಿದರೆ ಸಾಲದು. ಆಗಾಗ ಆ ಪ್ರತಿಯಿಂದಲೇ ಎಲ್ಲವನ್ನೂ ಮತ್ತೆ ಎಬ್ಬಿಸಿ ನೋಡಬೇಕು. ತೆರೆದು ನೋಡದ ಪ್ರತಿಯು ಹುಳ ಹಿಡಿದ ಬೀಜದಂತೆ, ಬಿತ್ತಿದ ಮೇಲಷ್ಟೇ ಗೊತ್ತಾಗುವುದು.

ದೀಕ್ಷಾ ಮೊದಲು ಮೈಕ್ರೋಸಾಫ್ಟ್ ಕಂಪನಿಯ ಕ್ಲೌಡಿನಲ್ಲಿತ್ತು. ಅದನ್ನು ಒರೇಕಲ್ ಕಂಪನಿಯ ಕ್ಲೌಡಿಗೆ ಒಯ್ಯುವ ಸುದ್ದಿ 2023ರಲ್ಲಿ ಪ್ರಕಟವಾಯಿತು. ಇಡೀ ದೇಶದ ಪಾಠಗಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸುವುದೆಂದರೆ ಬಿಡಾರ ಕಿತ್ತಂತಲ್ಲ, ಏಕೆಂದರೆ ಸಾಗಿಸುವಾಗಲೂ ಶಾಲೆ ನಡೆಯುತ್ತಿರಬೇಕು. ತಳಹದಿಯ ತಂತ್ರಾಂಶ ಮುಕ್ತವಾಗಿದ್ದುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಬ್ಬರ ಮನೆಯಲ್ಲಿ ಮಾತ್ರ ಹೊಂದುವ ಕೀಲಿಗಳಿಂದ ಪೆಟ್ಟಿಗೆ ಮಾಡಿಸಿದ್ದರೆ ಮನೆ ಬಿಡಲಾಗದು. ಅದೇ 2023ರ ಜನವರಿಯಲ್ಲಿ ಇನ್ನೊಂದು ಸುದ್ದಿಯೂ ಬಂದಿತು. ದೀಕ್ಷಾದ ದಾಖಲೆಗಳಿದ್ದ ಒಂದು ಸರ್ವರಿಗೆ ಬೀಗವೇ ಇರಲಿಲ್ಲವೆಂದೂ, ಲಕ್ಷಾಂತರ ಶಿಕ್ಷಕರ ಹೆಸರು, ದೂರವಾಣಿ ಸಂಖ್ಯೆಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಬಯಲಿಗೆ ತೆರೆದಿದ್ದವೆಂದೂ ಪತ್ರಿಕೆಗಳು ಬರೆದವು. ಬೀಗ ಹಾಕುವುದು ಯಾರದೋ ಒಬ್ಬರ ಕೆಲಸವಾಗಿರಬೇಕಲ್ಲವೇ? ಮಾವನವರು ಹೇಳುತ್ತಿದ್ದ ಉಡಿದಾರದ ಕೀಲಿಕೈ ನಮಗೆ ನೆನಪಾಯಿತು.

ಇಷ್ಟೆಲ್ಲ ಸರಿಯಾಗಿ ನಡೆದರೂ ಪಾಠ ತಪ್ಪಬಹುದು. ಹೇಗೆಂಬುದನ್ನು ಹೇಳುತ್ತೇವೆ. ತಪ್ಪು ನಮ್ಮದೇ.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಜೂನಿನಲ್ಲಿ ಹೊಸ ವರ್ಷವು ಮೊಬೈಲಿನ ಮೇಲೆಯೇ ಆರಂಭವಾಯಿತು. ಒಂಬತ್ತನೆಯ ಇಯತ್ತೆಯ ಮಕ್ಕಳಿಗೆಲ್ಲ ನಾವು ಸಂದೇಶ ಕಳಿಸಿದೆವು: ದೀಕ್ಷಾ ಹಾಕಿಕೊಳ್ಳಿರಿ, ಕನ್ನಡ ಮಾಧ್ಯಮ ಆರಿಸಿರಿ, ಒಂಬತ್ತು ಎಂದು ಒತ್ತಿರಿ. ಹೇಳಬೇಕಾದ ಇನ್ನೊಂದು ಮಾತನ್ನು ಹೇಳಲಿಲ್ಲ. ಆ ಸೇವೆಯು ಮಾಧ್ಯಮಕ್ಕಿಂತ ಮೊದಲು ಕೇಳುವುದು ಯಾವ ಮಂಡಳಿಯ ಪಠ್ಯಕ್ರಮ ಎಂಬುದನ್ನು. ನಮ್ಮ ತರಗತಿಯ ಹುಡುಗಿಯೊಬ್ಬಳು, ಬಹಳ ಆಸ್ಥೆಯಿಂದ ಓದುವವಳು, ಕನ್ನಡವೆಂದ ಮೇಲೆ ಕರ್ನಾಟಕವೇ ಇರಬೇಕೆಂದು ತಿಳಿದು ಅದನ್ನೇ ಒತ್ತಿದಳು. ಅಪ್ಪನ ಮೊಬೈಲು ಮನೆಗೆ ಬರುತ್ತಿದ್ದುದು ರಾತ್ರಿ ಎಂಟರ ಮೇಲೆ. ಊರ ಹೊರಗಿನ ದಿಬ್ಬದ ಮೇಲೆ ನಿಂತರೆ ಮಾತ್ರ ಸಂಪರ್ಕ. ಹೀಗೆ ಎರಡು ತಿಂಗಳು ದಿಬ್ಬ ಹತ್ತಿ ಇಳಿದು ಅವಳು ಸಂಖ್ಯಾ ಪದ್ಧತಿಯನ್ನು ಚೊಕ್ಕವಾಗಿ ಕಲಿತಳು. ಅವಳ ಕೈಯಲ್ಲಿದ್ದ ನಮ್ಮ ಮಹಾರಾಷ್ಟ್ರದ ಪುಸ್ತಕವಾದರೋ ಗಣಿತವನ್ನು ಎರಡು ಭಾಗ ಮಾಡಿ, ಮೊದಲ ಭಾಗವನ್ನು ಗಣಗಳಿಂದ ಆರಂಭಿಸುತ್ತಿತ್ತು. ಆಗಸ್ಟಿನಲ್ಲಿ ದೂರವಾಣಿಯ ಮೇಲೆ ಗಣಗಳ ಪ್ರಶ್ನೆ ಕೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಗುರುಗಳೇ, ಅದು ನನ್ನ ಮೊಬೈಲಿನ್ಯಾಗ ಬಂದೇ ಇಲ್ರಿ" ಎಂದಳು. ಓದಿಲ್ಲದ್ದಕ್ಕೆ ನೆವ ಹೇಳುತ್ತಿದ್ದಾಳೆಂದು ನಾವು ಗದರಿದೆವು. ನಿಜ ತಿಳಿಯಲು ಇನ್ನೂ ಒಂದು ವಾರ ಬೇಕಾಯಿತು.

ಇಲ್ಲಿ ಕೆಟ್ಟದ್ದು ಯಾವ ಯಂತ್ರ? ಯಾವುದೂ ಅಲ್ಲ. ಸರ್ವರು ಎಚ್ಚರವಾಗಿತ್ತು, ಕೇಳಿದ ಪಾಠವನ್ನೇ ಕೊಟ್ಟಿತು. ಮಂಡಳಿ, ಮಾಧ್ಯಮ, ಇಯತ್ತೆ, ವಿಷಯ ಎಂಬ ನಾಲ್ಕು ಖಾನೆಗಳಲ್ಲಿ ಪಾಠಗಳನ್ನು ಹೊಂದಿಸಿರುವುದು ದೇಶದ ಬಹುಪಾಲು ಮಕ್ಕಳಿಗೆ ಸುಲಭವೇ. ರಾಜ್ಯವೂ ಭಾಷೆಯೂ ಬೇರೆ ಬೇರೆಯಾಗಿರುವ ನಮ್ಮಂಥವರಿಗೆ ಮಾತ್ರ ಎಡವುವ ಹೊಸ್ತಿಲು ಅದೇ. ಯಂತ್ರಸ್ಥಾವರದ ನಿರ್ವಹಣೆಯೆಂದರೆ ಯಂತ್ರ ಓಡುತ್ತಿದೆಯೇ ಎಂದು ನೋಡುವುದಷ್ಟೇ ಅಲ್ಲ, ಯಾರಿಗೆ ಯಾವ ಬಾಗಿಲು ಎಂದು ಫಲಕ ಬರೆಯುವುದೂ ಅದರಲ್ಲಿ ಸೇರಿದೆಯೆಂದು ನಾವು ಅಂದು ತಿಳಿದೆವು. ಪುಸ್ತಕದ ಚೌಕವನ್ನೇ ಹಿಡಿಯಿರಿ ಎಂದು ಮೊದಲೇ ಹೇಳಿದ್ದರೆ ಈ ಪ್ರಮಾದ ಆಗುತ್ತಿರಲಿಲ್ಲ, ಏಕೆಂದರೆ ಆ ವಿಳಾಸವು ಆ ಪುಸ್ತಕದ್ದೇ. (ನಾವು ನಾಲ್ಕನೆಯ ಇಯತ್ತೆಯವರೆಗೆ ಕನ್ನಡದಲ್ಲಿಯೂ ಮುಂದೆ ಮರಾಠಿಯಲ್ಲಿಯೂ ಕಲಿತವರು. ಕನ್ನಡದ ಗಣಕ್ಕೆ ಮರಾಠಿಯಲ್ಲಿ 'ಸಂಚ' ಎನ್ನುತ್ತಾರೆ. ಅದನ್ನು ಮೊದಲ ಸಲ ಕೇಳಿದಾಗ ಗಣಿತದಲ್ಲಿ ಏನು ಸಂಚು ನಡೆದಿದೆಯೋ ಎಂದು ಹೆದರಿದ್ದೆವು. ಎರಡು ಭಾಷೆಗಳ ನಡುವಿನ ಮಗುವು ಎಲ್ಲಿ ಎಡವುತ್ತದೆಂಬುದು ನಮಗಾದರೂ ಗೊತ್ತಿರಬೇಕಾಗಿತ್ತು.)

ದೀಪಾವಳಿ ಕಳೆದ ಮೇಲೆ ಅವಳ ಅಪ್ಪ ಕಬ್ಬು ಕಡಿಯಲು ಹೋದನು. ಮೊಬೈಲು ಅವನ ಸಂಗಡ ಹೋಯಿತು. ಅಲ್ಲಿಗೆ ಅವಳ ಮಟ್ಟಿಗೆ ರಾಷ್ಟ್ರೀಯ ಸೇವೆಯೂ ಹೋಯಿತು. ಆಮೇಲೆ ನಾವೇ ವಾರಕ್ಕೊಮ್ಮೆ ಮೋಟರ್‌ಸೈಕಲ್ಲಿನಲ್ಲಿ ಹೋಗಿ, ಹಳೆಯ ಮೊಬೈಲೊಂದರಲ್ಲಿ ಪಾಠ ತುಂಬಿ ಕೊಟ್ಟು, ಹಿಂದಿನ ವಾರದ್ದನ್ನು ತಿರುಗಿ ತರುತ್ತಿದ್ದೆವು. ಈ ಉಪಾಯವನ್ನು ನಾವು ಕಂಡುಹಿಡಿದದ್ದೇನಲ್ಲ. ಆ ಸೇವೆಯನ್ನು ಕಟ್ಟಿದವರೇ ಇದಕ್ಕೆ ಅನುಕೂಲ ಮಾಡಿದ್ದಾರೆ. ಒಮ್ಮೆ ಇಳಿಸಿಕೊಂಡ ಪಾಠವು ಸಂಪರ್ಕವಿಲ್ಲದೆಯೂ ತೆರೆಯುತ್ತದೆ, ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಕಡತವಾಗಿ ದಾಟುತ್ತದೆ. ಎಷ್ಟು ಪಾಠ ತೆರೆಯಿತೆಂಬ ಲೆಕ್ಕವನ್ನು ಮೊಬೈಲು ತನ್ನೊಳಗೆ ಬರೆದಿಟ್ಟುಕೊಂಡು, ಸಂಪರ್ಕ ಸಿಕ್ಕಾಗ ಮೇಲಕ್ಕೆ ಒಪ್ಪಿಸುತ್ತದೆ. ದಿಬ್ಬ ಹತ್ತುವ ಮಕ್ಕಳು ಈ ದೇಶದಲ್ಲಿದ್ದಾರೆಂದು ಬೆಂಗಳೂರಿನಲ್ಲಿ ಕುಳಿತ ಯಾರೋ ನೆನೆದಿದ್ದರೆಂಬುದನ್ನು ಒಪ್ಪಬೇಕು.

ಈಗ ನಮ್ಮ ಶಾಲೆಯಲ್ಲಿ ಮಾಡಿಕೊಂಡಿರುವ ಏರ್ಪಾಡನ್ನು ತಿಳಿಸಿ ಲೇಖನ ಮುಗಿಸುತ್ತೇವೆ. ವಾಚನಾಲಯದ ಕಪಾಟಿನಲ್ಲಿ ಮೂರು ಹಳೆಯ ಮೊಬೈಲುಗಳಿವೆ. ಶನಿವಾರ ಶಾಲೆ ಬಿಡುವ ಮುಂಚೆ ಮುಂದಿನ ವಾರದ ಪಾಠಗಳನ್ನು ಅವುಗಳಲ್ಲಿ ಇಳಿಸಬೇಕು. ಮೆಮರಿ ಕಾರ್ಡು ತಂದವರಿಗೆ ಪ್ರತಿ ಮಾಡಿಕೊಡಬೇಕು, ಮೊಬೈಲೇ ಇಲ್ಲದವರಿಗೆ ಮನೆಗೆ ಒಯ್ಯಲು ಸರದಿಯಿಂದ ಕೊಡಬೇಕು. ಕಪಾಟಿನ ಬಾಗಿಲಿಗೆ ದಾರದಿಂದ ಕಟ್ಟಿದ ವಹಿಯಲ್ಲಿ ತಾರೀಖು, ಪುಸ್ತಕದ ಆರು ಅಕ್ಷರದ ವಿಳಾಸ, ಪಾಠ ತೆರೆಯಿತೋ ಇಲ್ಲವೋ, ತೆರೆಯದಿದ್ದರೆ ಯಾರಿಗೆ ತಿಳಿಸಲಾಯಿತು ಎಂದು ಬರೆಯಬೇಕು. ಕೊನೆಯ ಖಾನೆಯನ್ನು ಖಾಲಿ ಬಿಡುವಂತಿಲ್ಲ. ಮಂಡಳಿಯ ಜಾಗದಲ್ಲಿ ಮಹಾರಾಷ್ಟ್ರ, ಮಾಧ್ಯಮದ ಜಾಗದಲ್ಲಿ ಕನ್ನಡ ಎಂದು ಕೆಂಪು ಶಾಯಿಯಲ್ಲಿ ವಹಿಯ ಮೊದಲ ಪುಟದ ಮೇಲೆ ಬರೆದಿದೆ.

ಬರುವ ಜೂನಿನಿಂದ ಈ ಕೆಲಸವು ಈಗಿನ ಎಂಟನೆಯ ಇಯತ್ತೆಯವರದು. ತಿಂಗಳಿಗೆ ಇಬ್ಬರಂತೆ ಹೆಸರು ಕೊಡಿರಿ. ಕಪಾಟಿನ ಕೀಲಿಕೈ ಕಚೇರಿಯ ಮೇಜಿನ ಎಡಗಡೆಯ ಖಾನೆಯಲ್ಲಿದೆ.